ತ್ರೀಡಿ ಮುದ್ರಣ ಬಂದರೆ ವಿಮಾನದ ಬಿಡಿಭಾಗಗಳ ಹೊರಗುತ್ತಿಗೆ ನಿಂತುಹೋಗುತ್ತದೆಯೇ?

"ಇನ್ನು ಮುಂದೆ ವಿಮಾನದ ಭಾಗಗಳನ್ನೆಲ್ಲ ದೊಡ್ಡ ಕಂಪನಿಗಳೇ ಮುದ್ರಿಸಿಕೊಳ್ಳುತ್ತವೆ, ಬಿಡಿಭಾಗ ಮಾಡಿಕೊಡುವ ಕಾರ್ಖಾನೆಗಳು ಬಾಗಿಲು ಹಾಕಬೇಕಾಗುತ್ತದೆ." ತ್ರೀಡಿ ಮುದ್ರಣದ ಸುದ್ದಿ ಬಂದಾಗಲೆಲ್ಲ ಇಂಥ ಮಾತು ಕೇಳಿಬರುತ್ತದೆ. ವಿಮಾನದ ಭಾಗಗಳನ್ನು ತಯಾರಿಸಿ ಹೊರದೇಶಗಳಿಗೆ ಕಳಿಸುವ ಕಾರ್ಖಾನೆಗಳು ನಮ್ಮ ಬೆಂಗಳೂರು, ಬೆಳಗಾವಿಗಳಲ್ಲೂ ಇವೆ. ಹಾಗಾಗಿ ಈ ಮಾತಿನಲ್ಲಿ ನಿಜವೆಷ್ಟು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ವಿಮಾನದ ಭಾಗಗಳನ್ನು ಹೊರಗೆ ಮಾಡಿಸುವುದೇಕೆ?

ಒಂದು ಬೋಯಿಂಗ್ 787 ವಿಮಾನದಲ್ಲಿ ಸುಮಾರು 23 ಲಕ್ಷ ಭಾಗಗಳಿರುತ್ತವೆ. ಎರಕ ಹೊಯ್ಯುವುದು, ಕೊರೆಯುವುದು, ಬೆಸೆಯುವುದು ಹೀಗೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಯಂತ್ರ, ಅಚ್ಚು, ಪರಿಣತಿ ಬೇಕು. ಇವೆಲ್ಲವನ್ನೂ ಒಂದೇ ಕಂಪನಿ ಇಟ್ಟುಕೊಳ್ಳುವುದು ದುಬಾರಿ. ಅದಕ್ಕಾಗಿಯೇ ಕೆಲಸವನ್ನು ಹಂಚುತ್ತಾರೆ. 787ರ ರೆಕ್ಕೆ ತಯಾರಾಗುವುದು ಜಪಾನಿನಲ್ಲಿ, ಒಡಲಿನ ಒಂದು ಭಾಗ ಇಟಲಿಯಲ್ಲಿ.

ಆದರೆ ಹಂಚಿದಷ್ಟೂ ಹೊಂದಿಸುವ ಕಷ್ಟವೂ ಹೆಚ್ಚು. ಒಬ್ಬ ಪೂರೈಕೆದಾರ ತಡಮಾಡಿದರೆ ಇಡೀ ಸಾಲು ನಿಲ್ಲುತ್ತದೆ. 2008ರಲ್ಲಿ ಗ್ರಾಹಕರ ಕೈಸೇರಬೇಕಿದ್ದ ಮೊದಲ 787 ಕೈಸೇರಿದ್ದು 2011ರ ಸೆಪ್ಟೆಂಬರಿನಲ್ಲಿ. ಈ ನಡುವೆ, 2009ರಲ್ಲಿ, ಒಡಲಿನ ಹಿಂಭಾಗ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಬೋಯಿಂಗ್ ತಾನೇ ಕೊಂಡುಕೊಳ್ಳಬೇಕಾಯಿತು.

ಮುದ್ರಣದಿಂದ ಬದಲಾಗುವುದೇನು?

ಸಾಮಾನ್ಯವಾಗಿ ಲೋಹದ ಗಟ್ಟಿಯನ್ನು ಕೊರೆದು, ಬೇಡದ್ದನ್ನು ತೆಗೆದು ಭಾಗ ಮಾಡುತ್ತೇವೆ. ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್, ಅಂದರೆ ನಮಗೆಲ್ಲ ಗೊತ್ತಿರುವ ತ್ರೀಡಿ ಮುದ್ರಣ, ಇದಕ್ಕೆ ತಿರುಗುಮುರುಗು. ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದ ಕಡೆ ಮಾತ್ರ ಲೇಸರ್‌ನಿಂದ ಕರಗಿಸಿ, ಅದರ ಮೇಲೆ ಇನ್ನೊಂದು ಪದರ ಹರಡುತ್ತಾ ಹೋಗುತ್ತಾರೆ. ಟೈಟಾನಿಯಂನಂಥ ದುಬಾರಿ ಲೋಹಕ್ಕೆ ಇದರ ಲಾಭ ದೊಡ್ಡದು. ಹಳೆಯ ವಿಧಾನದಲ್ಲಿ ಒಂದು ಕಿಲೋ ತೂಕದ ಭಾಗಕ್ಕೆ ಕೆಲವೊಮ್ಮೆ ಹತ್ತು ಕಿಲೋ ಲೋಹ ಕೊಳ್ಳಬೇಕಾಗುತ್ತದೆ, ಮಿಕ್ಕದ್ದು ಚೂರಾಗಿ ಉದುರುತ್ತದೆ.

ಆದರೆ ಹೊರಗುತ್ತಿಗೆಯ ಮಟ್ಟಿಗೆ ಲೋಹದ ಉಳಿತಾಯಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ: ಹಲವು ಭಾಗಗಳನ್ನು ಒಂದೇ ಭಾಗವಾಗಿ ಮುದ್ರಿಸಬಹುದು. ಏರ್‌ಬಸ್ ಎ320ನಿಯೋ ಮತ್ತು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಲ್ಲಿ ಬಳಕೆಯಾಗುವ ಲೀಪ್ ಎಂಜಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ನಮ್ಮ ಆಕಾಸಾ ಏರ್ ವಿಮಾನಗಳಲ್ಲಿರುವುದೂ ಇದೇ ಎಂಜಿನ್. ಇಂಧನ ಚಿಮ್ಮಿಸುವ ಇದರ ನಾಜಲ್‌ನ ತುದಿಯನ್ನು ಹಳೆಯ ವಿಧಾನದಲ್ಲಿ ಮಾಡಿದ್ದರೆ ಸುಮಾರು 20 ಚಿಕ್ಕ ಭಾಗಗಳನ್ನು ಬೆಸೆಯಬೇಕಿತ್ತು. ಜಿಇ ಕಂಪನಿ ಅದನ್ನು ಒಂದೇ ತುಂಡಾಗಿ ಮುದ್ರಿಸುತ್ತಿದೆ. ಕಂಪನಿಯ ಪ್ರಕಾರ ತೂಕ 25 ಶೇಕಡಾ ಕಡಿಮೆಯಾಗಿದೆ, ಬಾಳಿಕೆ ಐದು ಪಟ್ಟು ಹೆಚ್ಚಿದೆ. ಇದೇ ಕಂಪನಿ ಕ್ಯಾಟಲಿಸ್ಟ್ ಎಂಬ ಸಣ್ಣ ಎಂಜಿನ್ನಿನಲ್ಲಿ 855 ಭಾಗಗಳ ಕೆಲಸವನ್ನು ಮುದ್ರಿಸಿದ 12 ಭಾಗಗಳಿಂದ ಮಾಡಿಸಿದೆ.

ಇಲ್ಲಿ ಒಂದು ಕ್ಷಣ ಯೋಚಿಸೋಣ. 20 ಭಾಗ ಒಂದಾದಾಗ ಉಳಿದ 19 ಭಾಗಗಳಿಗೆ ಬೇಕಿದ್ದ ನಕ್ಷೆ, ಅಚ್ಚು, ಖರೀದಿ ಆದೇಶ, ಸಾಗಣೆ, ದಾಸ್ತಾನು, ತಪಾಸಣೆ ಎಲ್ಲವೂ ಮಾಯವಾಗುತ್ತವೆ. ಅವುಗಳನ್ನು ಮಾಡುತ್ತಿದ್ದ ಕಾರ್ಖಾನೆಗೆ ಕೆಲಸ ಬೇರೆ ಊರಿಗೆ ಹೋಗಿರುವುದಿಲ್ಲ, ಆ ಕೆಲಸವೇ ಇರುವುದಿಲ್ಲ.

ಹಾಗಾದರೆ ಎಲ್ಲವೂ ಕಂಪನಿಯ ಒಳಗೇ ಬರುತ್ತದೆಯೇ?

ಕೆಲವು ಬಂದಿವೆ. ಜಿಇಗೆ ಈ ನಾಜಲ್ ಮುದ್ರಿಸಲು ನೆರವಾದದ್ದು ಮಾರಿಸ್ ಟೆಕ್ನಾಲಜೀಸ್ ಎಂಬ ಹೊರಗಿನ ಸಂಸ್ಥೆ. 2012ರಲ್ಲಿ ಜಿಇ ಆ ಸಂಸ್ಥೆಯನ್ನೇ ಕೊಂಡುಕೊಂಡಿತು. 2016ರಲ್ಲಿ ಮುದ್ರಣ ಯಂತ್ರ ತಯಾರಿಸುವ ಸ್ವೀಡನ್ನಿನ ಆರ್ಕ್ಯಾಮ್ ಮತ್ತು ಜರ್ಮನಿಯ ಕಾನ್ಸೆಪ್ಟ್ ಲೇಸರ್ ಕಂಪನಿಗಳಲ್ಲಿ ಹೆಚ್ಚಿನ ಪಾಲು ಪಡೆಯಿತು. ನಾಜಲ್‌ಗಳು ಈಗ ಅಮೆರಿಕದ ಅಲಬಾಮಾದಲ್ಲಿರುವ ಅದರದೇ ಕಾರ್ಖಾನೆಯಲ್ಲಿ ತಯಾರಾಗುತ್ತವೆ.

ಇನ್ನು ಕೆಲವು ಹೊರಗೇ ಉಳಿದಿವೆ, ಆದರೆ ಹೊಸ ಕೈಗಳಿಗೆ ಹೋಗಿವೆ. 787ಕ್ಕೆ ಟೈಟಾನಿಯಂ ಭಾಗಗಳನ್ನು ಮುದ್ರಿಸಲು ಬೋಯಿಂಗ್ 2017ರಲ್ಲಿ ಒಪ್ಪಿಸಿದ್ದು ನಾರ್ವೆಯ ನಾರ್ಸ್ಕ್ ಟೈಟಾನಿಯಂ ಕಂಪನಿಗೆ. ಏರ್‌ಬಸ್ ಎ350ರಲ್ಲಿ ಮುದ್ರಿತ ಪ್ಲಾಸ್ಟಿಕ್ ಭಾಗಗಳೇ ಸಾವಿರಕ್ಕೂ ಹೆಚ್ಚಿದ್ದು, ಅವುಗಳನ್ನು ಮುದ್ರಿಸಿದ್ದು ಸ್ಟ್ರಾಟಸಿಸ್ ಕಂಪನಿಯ ಯಂತ್ರಗಳು. ಅಂದರೆ ಹೊರಗುತ್ತಿಗೆ ಹೋಗಿಲ್ಲ, ಗುತ್ತಿಗೆ ಪಡೆಯುವವರು ಬದಲಾಗಿದ್ದಾರೆ.

ಫೈಲ್ ಕಳಿಸಿದರೆ ಎಲ್ಲಿ ಬೇಕಾದರೂ ಮುದ್ರಿಸಬಹುದಲ್ಲವೇ?

ಇದು ಇನ್ನೊಂದು ತಪ್ಪು ಕಲ್ಪನೆ. ವಿಮಾನದ ಭಾಗಕ್ಕೆ ಹಾರಾಟದ ಮಾನ್ಯತೆ ಬೇಕು. ಆ ಮಾನ್ಯತೆ ಕಂಪ್ಯೂಟರ್ ಫೈಲ್‌ಗೆ ಮಾತ್ರ ಸಿಗುವುದಲ್ಲ. ಯಾವ ಪುಡಿ, ಯಾವ ಯಂತ್ರ, ಲೇಸರಿನ ಶಕ್ತಿ ಎಷ್ಟು ಎಂಬ ಇಡೀ ಪ್ರಕ್ರಿಯೆಗೆ ಅದು ಅಂಟಿಕೊಂಡಿರುತ್ತದೆ. ಯಂತ್ರ ಬದಲಿಸಿದರೆ ಮತ್ತೆ ಪರೀಕ್ಷೆ ಮಾಡಿ ತೋರಿಸಬೇಕು.

ಮುದ್ರಣ ಮುಗಿದಾಗ ಕೆಲಸವೂ ಮುಗಿಯುವುದಿಲ್ಲ. ಭಾಗವನ್ನು ಕಾಯಿಸಿ ಒಳಗಿನ ಬಿಗುವು ಇಳಿಸಬೇಕು. ಹಲವು ಭಾಗಗಳನ್ನು ಭಾರಿ ಒತ್ತಡದ ಬಿಸಿ ಅನಿಲದಲ್ಲಿಟ್ಟು ಸೂಕ್ಷ್ಮ ರಂಧ್ರಗಳನ್ನು ಮುಚ್ಚಬೇಕು. ಬೇರೆ ಭಾಗಕ್ಕೆ ಕೂಡುವ ಮೈಯನ್ನು ಮಶೀನಿನಲ್ಲಿ ನಯಗೊಳಿಸಬೇಕು. ಕೊನೆಗೆ, ಆಸ್ಪತ್ರೆಯಲ್ಲಿ ನಮಗೆ ಮಾಡುವ ಹಾಗೆ, ಭಾಗಕ್ಕೂ ಸಿಟಿ ಸ್ಕ್ಯಾನ್ ಮಾಡಿ ಒಳಗೆ ಬಿರುಕಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಈ ಹಂತಗಳಲ್ಲಿ ಹಲವನ್ನು ಹೊರಗೆ ಮಾಡಿಸಲು ಅವಕಾಶವಿದೆ.

ಎಲ್ಲ ಭಾಗಕ್ಕೂ ಮುದ್ರಣ ಹೊಂದುವುದೂ ಇಲ್ಲ. ರೆಕ್ಕೆ ಮತ್ತು ಒಡಲಿನ ಉದ್ದನೆಯ ಹೊದಿಕೆಗಳು ಈ ಯಂತ್ರಗಳಲ್ಲಿ ಹಿಡಿಸುವುದಿಲ್ಲ. ಲಕ್ಷಗಟ್ಟಲೆ ಬೇಕಾಗುವ ರಿವೆಟ್ಟುಗಳನ್ನು, ತಗಡು ಬಗ್ಗಿಸಿ ಮಾಡುವ ಸರಳ ಭಾಗಗಳನ್ನು ಹಳೆಯ ವಿಧಾನದಲ್ಲೇ ಬೇಗ, ಅಗ್ಗವಾಗಿ ಮಾಡಬಹುದು. ಆಕಾರ ಜಟಿಲ, ಲೋಹ ದುಬಾರಿ, ಸಂಖ್ಯೆ ಕಡಿಮೆ: ಈ ಮೂರೂ ಕೂಡಿಬಂದಲ್ಲಿ ಮುದ್ರಣ ಹೆಚ್ಚಾಗಿ ಗೆಲ್ಲುತ್ತದೆ.

ನಮ್ಮ ಕಾರ್ಖಾನೆಗಳ ಗತಿ ಏನು?

ಬೆಳಗಾವಿಯ ಏಕಸ್ ಸಂಸ್ಥೆ ಏರ್‌ಬಸ್, ಬೋಯಿಂಗ್‌ಗಳಿಗೆ ಬಿಡಿಭಾಗ ಒದಗಿಸುತ್ತದೆ. ಬೆಂಗಳೂರಿನ ಡೈನಮ್ಯಾಟಿಕ್ ಎ320ರ ರೆಕ್ಕೆಯ ಫ್ಲ್ಯಾಪ್‌ಗಳಿಗೆ ಆಧಾರವಾಗುವ ತೊಲೆಗಳನ್ನು ಜೋಡಿಸಿಕೊಡುತ್ತದೆ. ಇಂಥ ದೊಡ್ಡ ಜೋಡಣೆಯ ಕೆಲಸಕ್ಕೆ ಮುದ್ರಣದಿಂದ ಸದ್ಯಕ್ಕೆ ಅಪಾಯವಿಲ್ಲ. ಅಪಾಯವಿರುವುದು ಚಿಕ್ಕ ಚಿಕ್ಕ ಭಾಗಗಳನ್ನು ಬೆಸೆದು ಒಂದು ಜಟಿಲ ಭಾಗ ಮಾಡುವ ಕೆಲಸಕ್ಕೆ, ಅದರಲ್ಲೂ ಅಂಥ ಒಂದೇ ಭಾಗವನ್ನು ನೆಚ್ಚಿಕೊಂಡ ಸಣ್ಣ ವರ್ಕ್‌ಶಾಪುಗಳಿಗೆ.

ಅವರ ಎದುರು ದಾರಿಯೂ ಇದೆ. ಮುದ್ರಿತ ಭಾಗವನ್ನು ನಯಗೊಳಿಸಲು ನುರಿತ ಸಿಎನ್‌ಸಿ ಕೆಲಸಗಾರರು ಬೇಕೇ ಬೇಕು. ಲೋಹ ಮುದ್ರಣವನ್ನೇ ಕಸುಬಾಗಿಸಿಕೊಂಡ ವಿಪ್ರೋ ತ್ರೀಡಿಯಂಥ ಸಂಸ್ಥೆಗಳು ಬೆಂಗಳೂರಿನಲ್ಲೇ ಇವೆ, ಎಚ್‌ಎಎಲ್ ಜೊತೆಗೂಡಿ ಎಂಜಿನ್ ಭಾಗವನ್ನೂ ಮುದ್ರಿಸಿವೆ. ಆದರೆ ಲೋಹ ಮುದ್ರಣ ಯಂತ್ರಗಳ ಬೆಲೆ ಕೋಟಿಗಳಲ್ಲಿದೆ. ಸಣ್ಣ ವರ್ಕ್‌ಶಾಪೊಂದು ಒಬ್ಬಂಟಿಯಾಗಿ ಅದನ್ನು ಕೊಳ್ಳುವುದು ಕಷ್ಟ.

ಕೊನೆಗೆ, ಮೊದಲು ಕೇಳಿದ ಪ್ರಶ್ನೆಗೆ ಉತ್ತರ: ತ್ರೀಡಿ ಮುದ್ರಣದಿಂದ ಹೊರಗುತ್ತಿಗೆ ನಿಲ್ಲುವುದಿಲ್ಲ. ಆದರೆ "ಈ ಭಾಗವನ್ನು ಯಾರು ಅಗ್ಗವಾಗಿ ಮಾಡಿಕೊಡುತ್ತಾರೆ" ಎಂಬ ಪ್ರಶ್ನೆಗಿಂತ ಮೊದಲು "ಈ ಭಾಗ ಬೇರೆಯಾಗಿ ಇರಲೇಬೇಕೇ" ಎಂದು ಕೇಳುವ ಕಾಲ ಬಂದಿದೆ. ಆ ಪ್ರಶ್ನೆ ವಿನ್ಯಾಸದ ಮೇಜಿನ ಮೇಲೆ ತೀರ್ಮಾನವಾಗುತ್ತದೆ. ಬಿಡಿಭಾಗ ಮಾಡುವವರು ಆ ಮೇಜಿನ ಹತ್ತಿರ ಕೂರುವಂತಾದರೆ ಮಾತ್ರ ಈ ಬದಲಾವಣೆಯಲ್ಲಿ ಅವರಿಗೂ ಪಾಲು ಸಿಗುತ್ತದೆ.