ನೀಲಗಿರಿ ಮರ ನಮ್ಮ ಸೀಮೆಗೆ ಬಂದ ಬಗೆ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ರಸ್ತೆಗಳಲ್ಲಿ ಪ್ರಯಾಣ ಮಾಡುವಾಗ ಸಾಲಾಗಿ, ನೆಟ್ಟಗೆ ನಿಂತ ಬಿಳಿಚು ಕಾಂಡದ ಮರಗಳನ್ನು ನೀವು ನೋಡಿರಬಹುದು. ಅದರ ಎಲೆಯನ್ನು ಹಿಸುಕಿ ಮೂಸಿದರೆ ನೆಗಡಿಗೆ ಹಚ್ಚುವ ಎಣ್ಣೆಯ ವಾಸನೆ ಬರುತ್ತದೆ. ಅದೇ ನೀಲಗಿರಿ ಮರ. ಹೆಸರು ನಮ್ಮ ನೆರೆಯ ಬೆಟ್ಟದ್ದು. ಮರ ಮಾತ್ರ ಆಸ್ಟ್ರೇಲಿಯಾದ್ದು.

ಯೂಕಲಿಪ್ಟಸ್ ಎಂಬ ಈ ಕುಲದಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ. ಟಾಸ್ಮೇನಿಯಾ ದ್ವೀಪದ ಎತ್ತರದ ಪ್ರದೇಶದಲ್ಲಿ ಬೆಳೆಯುವ 'ಗನ್ನಿ' ಎಂಬ ಜಾತಿ ಹಿಮವನ್ನೂ ಕೊರೆಯುವ ಚಳಿಯನ್ನೂ ತಾಳಿಕೊಳ್ಳುತ್ತದೆ. ಅದರ ಕಾಂಡದಿಂದ ಒಸರುವ ಸಿಹಿ ರಸವನ್ನು ಅಲ್ಲಿನ ಮೂಲನಿವಾಸಿಗಳು ಕುಡಿಯುತ್ತಿದ್ದರು. ಅದೇ ದ್ವೀಪದ 'ಗ್ಲಾಬುಲಸ್' ಎಂಬ ಇನ್ನೊಂದು ಜಾತಿ ಸಾಧಾರಣ ಇಬ್ಬನಿ ಚಳಿಯನ್ನು ಸಹಿಸುತ್ತದೆ. 1843ರಲ್ಲಿ ಬ್ರಿಟಿಷರು ಅದನ್ನು ನೀಲಗಿರಿ ಬೆಟ್ಟಗಳಲ್ಲಿ ನೆಟ್ಟರು. ಉದಕಮಂಡಲದ ಚಳಿಗೆ ಸೌದೆ ಬೇಕಾಗಿತ್ತು; ಶೋಲಾ ಕಾಡು ಕರಗುತ್ತಿತ್ತು. ಬೇಗ ಬೆಳೆಯುವ ಈ ಮರ ಅಲ್ಲಿ ಒಗ್ಗಿಕೊಂಡಿತು. ಅದರ ಎಲೆಯಿಂದ ಎಣ್ಣೆ ಇಳಿಸುವ ಕಸುಬೂ ಬೆಳೆಯಿತು.

ಆದರೆ ಚಳಿ ಬೇಡುವ ಮರ ಬಯಲುಸೀಮೆಯ ಬಿಸಿಲಿಗೆ ಬಾಳುವುದಿಲ್ಲ. ಹಾಗಾದರೆ ನಮ್ಮ ಸೀಮೆಗೆ ಬಂದದ್ದು ಯಾವುದು? ಅದರ ಬೇರು ನಂದಿಬೆಟ್ಟದಲ್ಲಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ಅಲ್ಲಿನ ಅರಮನೆ ತೋಟದಲ್ಲಿ ಕೆಲವು ಜಾತಿಗಳನ್ನು ನೆಡಲಾಯಿತೆಂದು ಅರಣ್ಯ ಇತಿಹಾಸದ ಬರಹಗಳು ಹೇಳುತ್ತವೆ. ಆ ಬೆಟ್ಟದ ಮರಗಳ ಬೀಜದಿಂದ ಬಂದ, ಬರವನ್ನು ತಾಳಬಲ್ಲ ತಳಿಯೇ 'ಮೈಸೂರು ಗಮ್'. 1950ರ ದಶಕದಿಂದ ಅರಣ್ಯ ಇಲಾಖೆ ಅದರ ನೆಡುತೋಪುಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿತು.

ಇದಕ್ಕೆ ಗಿರಾಕಿಗಳೂ ಹತ್ತಿರದಲ್ಲೇ ಇದ್ದರು. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಒಂದು. ಅದೀಗ ಉತ್ಪಾದನೆ ನಿಲ್ಲಿಸಿದೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಇನ್ನೊಂದು. ಅಲ್ಲಿ ಮರವನ್ನು ಚೂರುಮಾಡಿ, ಬೇಯಿಸಿ, ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತೆಗೆಯುತ್ತಾರೆ. ರೈತನಿಗೂ ಈ ಮರ ಅನುಕೂಲವೆನಿಸಿತು. ದನ ಮುಟ್ಟುವುದಿಲ್ಲ, ಆಳುಕಾಳು ಬೇಡ, ಕಡಿದ ಬುಡದಿಂದ ಮತ್ತೆ ಚಿಗುರುತ್ತದೆ.

ಆದರೆ ರಾಗಿ ಬೆಳೆಯುವ ಹೊಲದಲ್ಲಿ ನೀಲಗಿರಿ ಬೆಳೆದರೆ ಊಟಕ್ಕೇನು, ದನಕ್ಕೆ ಮೇವೇನು ಎಂಬ ಪ್ರಶ್ನೆ ಎದ್ದಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸರ್ಕಾರಿ ಸಸಿಮಡಿಗಳಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತರು. 1984ರಲ್ಲಿ ಸರ್ಕಾರ ಮತ್ತು ಹರಿಹರದ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಕಟ್ಟಿದವು. ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ಮರ ಬೆಳೆಸುವುದು ಅದರ ಉದ್ದೇಶ. ಆ ಭೂಮಿಯಲ್ಲಿ ಹಳ್ಳಿಯವರು ದನ ಮೇಯಿಸುತ್ತಿದ್ದರು, ಸೌದೆ ಆಯುತ್ತಿದ್ದರು. ಸಮಾಜ ಪರಿವರ್ತನ ಸಮುದಾಯ ಇದನ್ನು ವಿರೋಧಿಸಿತು. ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನರು ಸಾಂಕೇತಿಕವಾಗಿ ನೀಲಗಿರಿ ಸಸಿ ಕಿತ್ತು, ತಮಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. 1991ರಲ್ಲಿ ಕಂಪನಿ ಮುಚ್ಚಿತು.

ನೀಲಗಿರಿ ನೆಲದ ನೀರನ್ನು ಹೀರುತ್ತದೆ ಎಂಬ ಮಾತು ನಿಜವೇ? ಶಿವಮೊಗ್ಗ ಮತ್ತು ಹೊಸಕೋಟೆಯ ಕಡೆ ವಿಜ್ಞಾನಿಗಳು ಇದನ್ನು ಅಳೆದು ನೋಡಿ 1990ರ ದಶಕದ ಆರಂಭದಲ್ಲಿ ಫಲಿತಾಂಶ ಪ್ರಕಟಿಸಿದರು. ಶಿವಮೊಗ್ಗದ ಕಡೆ ನೀಲಗಿರಿ ಬಳಸಿದ ನೀರು ಅಲ್ಲಿನ ಎಲೆ ಉದುರುವ ಕಾಡಿಗಿಂತ ಹೆಚ್ಚಿರಲಿಲ್ಲ. ಆದರೆ ರಾಗಿಯಂಥ ಬೆಳೆಯ ಸುಮಾರು ಎರಡರಷ್ಟಿತ್ತು. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಮಾತ್ರ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಅದು ಬಳಸಿತು. ಅಂದರೆ ಉತ್ತರ ಮರವೊಂದರಲ್ಲೇ ಇಲ್ಲ. ಮಣ್ಣು, ಮಳೆ ಮತ್ತು ಅಲ್ಲಿ ಮೊದಲು ಏನಿತ್ತು ಎಂಬುದರಲ್ಲಿಯೂ ಇದೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು.

ಇದೇ ಮಾತನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹೊಂದಿಸಿ ನೋಡಿ. ತುಂಗಭದ್ರೆ ಹರಿಯುವ ಹೊನ್ನಾಳಿ-ನ್ಯಾಮತಿಯ ನೀರಿನ ಲೆಕ್ಕವೇ ಬೇರೆ, ಸೂಳೆಕೆರೆಯ ಆಸರೆಯ ಚನ್ನಗಿರಿಯ ಲೆಕ್ಕವೇ ಬೇರೆ, ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಲೆಕ್ಕವೇ ಬೇರೆ. ಮುಂದಿನ ರಜೆಯಲ್ಲಿ ನಿಮ್ಮೂರಿನ ಹಿರಿಯರನ್ನು ಕೇಳಿರಿ: ಈ ನೆಡುತೋಪು ಇರುವಲ್ಲಿ ಮೊದಲು ಏನಿತ್ತು? ಹೊಲವೋ, ಗೋಮಾಳವೋ, ಕುರುಚಲು ಕಾಡೋ? ಹತ್ತಿರದ ಬಾವಿಯಲ್ಲಿ ಆಗ ನೀರು ಎಷ್ಟು ಆಳದಲ್ಲಿತ್ತು? ಅವರು ಹೇಳಿದ್ದನ್ನು ಬರೆದಿಡಿ. ನಿಮ್ಮೂರಿನ ಇತಿಹಾಸದ ಮೊದಲ ಪುಟ ಅದೇ ಆಗಬಹುದು.