ಶಿವನಸಮುದ್ರದ ಕರೆಂಟು: ಲೆಕ್ಕದಲ್ಲಿ ಬಿಟ್ಟುಹೋದ ಕಾಲಂ

ಇವತ್ತು ಮಳವಳ್ಳಿ ಕಡೆ ಹೋಗೋಣ.

ಬಿ.ಕಾಂ. ಓದುವಾಗ ಒಂದು ಏಪ್ರಿಲ್‌ನಲ್ಲಿ ಗೆಳೆಯರ ಜೊತೆ ಗಗನಚುಕ್ಕಿಗೆ ಹೋಗಿದ್ದೆ. ಫೋಟೋ ತೆಗೆಯೋಣ ಅಂತ ಫೋನ್ ಎತ್ತಿದರೆ ಎದುರಿಗೆ ಬರೀ ಬಂಡೆ. "ನೀರೆಲ್ಲಿ ಅಜ್ಜ?" ಅಂತ ಕಡಲೆಕಾಯಿ ಮಾರುತ್ತಿದ್ದವರನ್ನು ಕೇಳಿದೆ. "ಕರೆಂಟ್ ಮಾಡಕೆ ಹೋಗೈತೆ ಕಣಪ್ಪ" ಅಂದರು. ಪೂರ್ತಿ ನಿಜ ಅಲ್ಲ, ಬೇಸಿಗೆಯಲ್ಲಿ ಹೊಳೆಯೇ ಸೊರಗಿರುತ್ತೆ. ಆದರೆ ಪೂರ್ತಿ ಸುಳ್ಳೂ ಅಲ್ಲ.

ಕಾವೇರಿ ಇಲ್ಲಿ ಎರಡು ಕವಲಾಗಿ ಶಿವನಸಮುದ್ರ ಅನ್ನೋ ದ್ವೀಪವನ್ನು ಬಳಸಿಕೊಂಡು ಹೋಗುತ್ತೆ. ಒಂದು ಕವಲು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ಬ್ರಿಟಿಷರ ಕಾಲದಲ್ಲಿ ದ್ವೀಪ ಮದರಾಸಿನ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು, ಎಡದಂಡೆ ಮೈಸೂರಿಗೆ. ಪವರ್‌ಹೌಸ್ ಬಂದದ್ದು ಮೈಸೂರಿನ ದಂಡೆಯಲ್ಲಿ, ನಮ್ಮೂರ ಕಡೆಯವರು ಬ್ಲಫ್ ಅಂತ ಕರೆಯೋ ಜಾಗದಲ್ಲಿ.

ದಿವಾನ್ ಶೇಷಾದ್ರಿ ಅಯ್ಯರ್ ಬೆಂಬಲ ಕೊಟ್ಟರು, ಎಂಜಿನಿಯರ್ ಡಿ ಲಾಟ್‌ಬಿನಿಯರ್ ಯೋಜನೆ ರೂಪಿಸಿದರು. 1902ರ ಜೂನ್‌ನಲ್ಲಿ ಕರೆಂಟು ಹರಿಯಿತು. ಅದನ್ನು ನೋಡೋಕೆ ಅಯ್ಯರ್ ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. "ಏಷ್ಯಾದಲ್ಲೇ ಮೊದಲು" ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಆದರೆ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಒಂದು ಚಿಕ್ಕ ಜಲವಿದ್ಯುತ್ ಘಟಕ ಶುರುವಾಗಿತ್ತು. ಶಿವನಸಮುದ್ರದ ದೊಡ್ಡತನ ಇರೋದು ದೂರದಲ್ಲಿ: ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟು ಕಳಿಸಿದರು.

ಕಳಿಸಿದ್ದು ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರಲ್ಲಿ. ತಂತಿ ಹೊರಟ ಊರುಗಳ ಸರದಿ ಆಮೇಲೆ.

ಬೇಸಿಗೆಯಲ್ಲಿ ನೀರು ಕಮ್ಮಿಯಾದರೆ ಗಣಿಗೆ ಕರೆಂಟು ಸಾಲದು. ಕನ್ನಂಬಾಡಿ ಕಟ್ಟೆ ಕಟ್ಟೋಕೆ ಇದೂ ಒಂದು ಮುಖ್ಯ ಕಾರಣ. 1911ರಲ್ಲಿ ಕೆಲಸ ಶುರುವಾಯಿತು. ಕನ್ನಂಬಾಡಿ ಊರೇ ನೀರಲ್ಲಿ ಮುಳುಗಿತು. ಅದೇ ನೀರು ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳನ್ನು ಹಸಿರು ಮಾಡಿತು. ನಮ್ಮ ಮನೆಯ ಕಬ್ಬೂ ಅದೇ ನೀರಿನದು. ಹಾಗಾಗಿ ಕಟ್ಟೆಯನ್ನು ಬೈಯೋಕೆ ನನಗೆ ಬಾಯಿ ಬರಲ್ಲ.

ಆದರೆ ಕಾಮರ್ಸ್ ಓದಿದವನಿಗೆ ಲೆಕ್ಕ ನೋಡೋ ಚಟ. ಲಾಭದ ಕಡೆ ಗಣಿ ಇದೆ, ನಗರ ಇದೆ, ರೈತರೂ ಇದ್ದಾರೆ. ಖರ್ಚಿನ ಕಡೆ ಹೊಳೆಗೆ ಅಂತ ಒಂದು ಕಾಲಮ್ಮೇ ಇಲ್ಲ. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಒಂದು ಜಾತಿಯ ಮಹಶೀರ್ ಮೀನು ಇವತ್ತು ಅಳಿವಿನ ಅಂಚಲ್ಲಿದೆ. ಅದಕ್ಕೆ ಕೊಟ್ಟಿರೋ ಕಾರಣಗಳಲ್ಲಿ ಅಣೆಕಟ್ಟುಗಳೂ ಸೇರಿವೆ.

ಇವತ್ತಿನ ಕಾನೂನಿಗೂ ಅದೇ ಮರೆವು. 2006ರ ಪರಿಸರ ಅಧಿಸೂಚನೆ ಪ್ರಕಾರ 25 ಮೆಗಾವ್ಯಾಟ್‌ಗಿಂತ ಕಮ್ಮಿಯ ಜಲವಿದ್ಯುತ್ ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನವೂ ಬೇಡ, ಜನರ ಅಹವಾಲು ಕೇಳುವ ಸಭೆಯೂ ಬೇಡ. ಚಿಕ್ಕದು ಅಂದರೆ ಶುದ್ಧ ಅಂತ ಲೆಕ್ಕ. ಒಂದೇ ಹೊಳೆಗೆ ಸಾಲಾಗಿ ನಾಲ್ಕು ಚಿಕ್ಕದು ಬಂದರೆ? ಒಟ್ಟು ಕೂಡಿಸಿ ನೋಡೋ ಜವಾಬ್ದಾರಿ ಯಾರದು?

ಪ್ರಶ್ನೆ ಕೇಳೋದು ನಮ್ಮ ಜಿಲ್ಲೆಗೆ ಹೊಸದಲ್ಲ. 1930ರ ದಶಕದ ಆರಂಭದಲ್ಲೇ ಇರ್ವಿನ್ ನಾಲೆಯ ರೈತರು ನೀರಿನ ಹೆಸರಲ್ಲಿ ಹಾಕಿದ ಹೊರೆಯ ವಿರುದ್ಧ ಚಳವಳಿ ಮಾಡಿದರು. ಈಚೆಗೆ ಬೇಬಿ ಬೆಟ್ಟದ ಗಣಿಗಾರಿಕೆಯಿಂದ ಕಟ್ಟೆಗೆ ಅಪಾಯ ಅಂತ ರೈತರು ಬೀದಿಗಿಳಿದರು. ಅವರು ಕೇಳಿದ್ದು ಬೆಲೆಯ ಬಗ್ಗೆ, ಕಟ್ಟೆಯ ಬಗ್ಗೆ. ಇನ್ನು ಹೊಳೆಯ ಪರವಾಗಿ ಕೇಳೋ ಸರದಿ ನಮ್ಮದು.

ಜಲವಿದ್ಯುತ್ತು ಕಲ್ಲಿದ್ದಲಿಗಿಂತ ವಾಸಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಹೊಳೆಯಲ್ಲಿ ಎಷ್ಟು ನೀರು ಉಳಿಯಬೇಕು ಅನ್ನೋದನ್ನು ಮೊದಲು ಬರೆದಿಟ್ಟು, ಆಮೇಲೆ ಕರೆಂಟಿನ ಲೆಕ್ಕ ಹಾಕಬೇಕು.

ಮುಂದಿನ ಸಲ ಗಗನಚುಕ್ಕಿಗೆ ಹೋದಾಗ ಬಂಡೆಯನ್ನೂ ಒಂದು ಫೋಟೋ ತೆಗೀರಿ. ಅದೂ ಒಂದು ರಸೀದಿಯೇ. ಮತ್ತೆ ಸಿಗೋಣ.