ಮಲೆನಾಡಿನ ಟಿವಿಗೆ ಬೀಗ ಬಿದ್ದ ಬಗೆ

ಮೂಡಿಗೆರೆ, ಕಳಸದ ತೋಟದ ಮನೆಗಳಿಗೆ ಟಿವಿ ಬಹುಕಾಲ ಆಕಾಶದಿಂದಲೇ ಇಳಿದಿದೆ. ಮನೆಯಿಂದ ಮನೆಗೆ ಗುಡ್ಡ, ಹಳ್ಳ ಅಡ್ಡ ಬರುವ ಕಡೆ ಕೇಬಲ್ ಎಳೆಯುವುದು ಯಾರಿಗೂ ಗಿಟ್ಟುವ ಕೆಲಸವಾಗಿರಲಿಲ್ಲ. ಮೊದಲು ಅಂಗಳದಲ್ಲಿ ಜಾಲರಿಯ ದೊಡ್ಡ ಡಿಶ್. 2004ರ ಕೊನೆಗೆ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ ಬಂದ ಮೇಲೆ ಮಾಡಿನ ಅಂಚಿಗೆ ಸಣ್ಣ ಡಿಶ್. ತಿಂಗಳ ಬಾಡಿಗೆ ಇಲ್ಲದ ಆ ಸಿಗ್ನಲ್‌ಗೆ ಬೀಗವೂ ಇರಲಿಲ್ಲ. ಬೀಗ ತಂದವು ಖಾಸಗಿ ಡಿಟಿಎಚ್ ಕಂಪನಿಗಳು: ಸಿಗ್ನಲ್ ಗೂಢಲಿಪಿಯಲ್ಲಿ, ಬಿಡಿಸುವ ಕೀಲಿ ದುಡ್ಡು ಕಟ್ಟಿದವರ ಕಾರ್ಡಿನಲ್ಲಿ. 2012ರಲ್ಲಿ ಮಹಾನಗರಗಳಿಂದ ಶುರುವಾದ ಕೇಬಲ್ ಡಿಜಿಟಲೀಕರಣದ ನಾಲ್ಕನೇ ಹಂತ ಇಂಥದೇ ಬೀಗಕ್ಕೆ ಹಳ್ಳಿಗಳಿಗೂ 2017ರ ಮಾರ್ಚ್ 31ರ ಗಡುವು ಕೊಟ್ಟಿತು. ಅಲ್ಲಿಯವರೆಗೂ ಟಿವಿ ಭದ್ರತೆಯೆಂದರೆ ನೋಡುವವರು ಕದಿಯದಂತೆ ಕಾಯುವುದು. ನೋಡುವವರನ್ನು ಕಾಯುವ ಮಾತು ಇಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

ಸ್ಟ್ರೀಮಿಂಗ್ ಆ್ಯಪ್‌ಗಳು ಈ ಬುದ್ಧಿಯನ್ನೇ ಮುಂದುವರಿಸಿದವು. ಹಾಟ್‌ಸ್ಟಾರ್ 2015ರಲ್ಲಿ, ನೆಟ್‌ಫ್ಲಿಕ್ಸ್ ಮತ್ತು ಪ್ರೈಮ್ ವಿಡಿಯೋ 2016ರಲ್ಲಿ ಭಾರತಕ್ಕೆ ಬಂದವು. 2020ರ ಜುಲೈನಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ ‘ಲಾ’, ‘ಫ್ರೆಂಚ್ ಬಿರಿಯಾನಿ’ ಸಿನಿಮಾಗಳು ನೇರ ಪ್ರೈಮ್‌ನಲ್ಲೇ ಬಿಡುಗಡೆಯಾದವು. ಸಿನಿಮಾ ಸೋರದಂತೆ ಕಾಯುವುದು ಗೂಗಲ್‌ನ ವೈಡ್‌ವೈನ್‌ನಂಥ ವ್ಯವಸ್ಥೆ. ಅದರ ಗಟ್ಟಿ ದರ್ಜೆಯಲ್ಲಿ ಕೀಲಿ ಚಿಪ್‌ನೊಳಗೇ ಇರುತ್ತದೆ. ಬರೀ ತಂತ್ರಾಂಶ ನಂಬಿದ ಕೆಳದರ್ಜೆಯನ್ನು ಸಂಶೋಧಕರೊಬ್ಬರು 2019ರ ಜನವರಿಯಲ್ಲಿ ಒಡೆದು ತೋರಿಸಿದರು. ಈ ಬೀಗಕ್ಕೆ ಸುರಿದ ಶ್ರದ್ಧೆಯಲ್ಲಿ ಕಾಲು ಪಾಲಾದರೂ ಮನೆಯವರ ಪಾಲಿಗೆ ಮೊದಲೇ ಬಂದಿರಬೇಕಿತ್ತು.

ಹೊರದೇಶಗಳಲ್ಲಿ ಎಚ್ಚರಿಕೆಯ ಗಂಟೆ ಬೇಗನೇ ಬಾರಿಸಿತ್ತು. 2013ರ ಬ್ಲ್ಯಾಕ್ ಹ್ಯಾಟ್ ಭದ್ರತಾ ಸಮ್ಮೇಳನದಲ್ಲಿ ಸಂಶೋಧಕರು ಸ್ಯಾಮ್‌ಸಂಗ್ ಟಿವಿಯ ಆ್ಯಪ್‌ಗಳ ಮೂಲಕ ಅದರ ಕ್ಯಾಮೆರಾವನ್ನೇ ವಶಕ್ಕೆ ಪಡೆದು ತೋರಿಸಿದರು. 1.1 ಕೋಟಿ ಟಿವಿಗಳಲ್ಲಿ ಜನ ಏನು ನೋಡುತ್ತಾರೆಂದು ಒಪ್ಪಿಗೆಯಿಲ್ಲದೆ ದಾಖಲಿಸಿದ ವಿಝಿಯೋ ಕಂಪನಿ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ತೆತ್ತಿತು.

ಖಾತೆ ಕದಿಯುವವರಿಗೆ ಇಷ್ಟು ಕಸರತ್ತೂ ಬೇಡ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ರೀಮಿಂಗ್ ಕಂಪನಿ ರೋಕು 5.76 ಲಕ್ಷ ಖಾತೆಗಳಿಗೆ ಕನ್ನ ಬಿದ್ದದ್ದನ್ನು ತಿಳಿಸಿತು. ಅದರ ಸರ್ವರ್ ಯಾರೂ ಒಡೆದಿರಲಿಲ್ಲ. ಬೇರೆಲ್ಲೋ ಸೋರಿದ ಪಾಸ್‌ವರ್ಡ್‌ಗಳನ್ನು ತಂದು ಇಲ್ಲಿ ಹಾಕಿ ನೋಡಿದ್ದರು. ರಿಮೋಟ್‌ನಲ್ಲಿ ಒಂದೊಂದೇ ಅಕ್ಷರ ಒತ್ತಬೇಕಾದಾಗ ಯಾರಾದರೂ ಚಿಕ್ಕ, ಹಳೆಯ ಪಾಸ್‌ವರ್ಡನ್ನೇ ಇಡುತ್ತಾರೆ. ಟಿವಿಯಲ್ಲಿ ಕಂಡ ಕೋಡನ್ನು ಫೋನಿನಲ್ಲಿ ಹಾಕುವ ಪದ್ಧತಿ ಆ ಕಷ್ಟ ನೀಗಿಸಿತು. ಹಿಂದೆಯೇ ವಂಚಕರೂ ಬಂದರು. ಕೋಡ್ ಹಾಕುವ ವಿಳಾಸ ಹುಡುಕುವವರಿಗೆ ನಕಲಿ ಪುಟ, ಅದರಲ್ಲೊಂದು ಫೋನ್ ನಂಬರ್, ಆ ತುದಿಯಿಂದ ‘ಆಕ್ಟಿವೇಶನ್ ಶುಲ್ಕ’ದ ಬೇಡಿಕೆ. ವಿಳಾಸವನ್ನು ಟಿವಿ ಪರದೆಯಲ್ಲಿದ್ದಂತೆಯೇ ಟೈಪ್ ಮಾಡಬೇಕು, ಹುಡುಕಬಾರದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ನಮ್ಮ ಮಲೆನಾಡಿಗೆ ವಿಶೇಷವಾಗಿ ಅಂಟಿದ ತೊಂದರೆ ಹೋಮ್‌ಸ್ಟೇ ಟಿವಿಯದು. ಮಳೆ ಬಿಡದ ಶನಿವಾರ ಅತಿಥಿಗಳು ತಮ್ಮ ಖಾತೆ ತೆರೆದು ಸಿನಿಮಾ ನೋಡುತ್ತಾರೆ, ಭಾನುವಾರ ಸೈನ್ ಔಟ್ ಮಾಡದೆ ಹೊರಡುತ್ತಾರೆ. ಗೂಗಲ್ ಖಾತೆಯನ್ನೇ ಟಿವಿಗೆ ಸೇರಿಸಿದ್ದರೆ ಮುಂದಿನ ವಾರ ಬಂದವರಿಗೆ ಅವರ ಹೆಸರು, ಇಮೇಲ್ ವಿಳಾಸ, ಯೂಟ್ಯೂಬ್ ಇತಿಹಾಸ ಎಲ್ಲ ತೆರೆದಿರುತ್ತದೆ. ಪಿನ್ ಇಡದ ಪ್ರೈಮ್‌ನಲ್ಲಿ ಬಾಡಿಗೆ ಸಿನಿಮಾವನ್ನೂ ತೆಗೆದುಕೊಳ್ಳಬಹುದು. ಹಾಸಿಗೆಯ ಹೊದಿಕೆ ಬದಲಿಸುವಾಗಲೇ ಟಿವಿಯ ಖಾತೆಗಳನ್ನೂ ತೆಗೆಯುವುದು ಹೋಮ್‌ಸ್ಟೇಯವರ ದಿನಚರಿಯಾಗಬೇಕು. ಅತಿಥಿಗಳ ವೈ-ಫೈಯನ್ನು ಸಿಸಿಟಿವಿ, ಲೆಕ್ಕದ ಲ್ಯಾಪ್‌ಟಾಪ್ ಇರುವ ಜಾಲದಿಂದ ಬೇರೆ ಇಡಬೇಕು. ಮರೆತು ಬಂದವರು ಬೆಂಗಳೂರಿನಿಂದಲೇ ಖಾತೆಯ ಪುಟದಲ್ಲಿ ಆ ಟಿವಿಯನ್ನು ತೆಗೆದುಹಾಕಬಹುದು.

ಇನ್ನೂ ದೊಡ್ಡ ಅಪಾಯ ಕಾಣದಂಥದ್ದು. ಹಳೆಯ ಟಿವಿಗೆ ಸಿಕ್ಕಿಸುವ ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಹಲವು, ಡಬ್ಬಿ ಒಡೆಯುವ ಮೊದಲೇ ಸೋಂಕು ಹೊತ್ತಿರುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ವೆಬ್ ಸಂಸ್ಥೆ 197 ದೇಶಗಳ ಸುಮಾರು 13 ಲಕ್ಷ ಬಾಕ್ಸ್‌ಗಳಲ್ಲಿ ‘ವಾಯ್ಡ್’ ಎಂಬ ಕುತಂತ್ರಾಂಶ ಕಂಡಿತು. 2025ರ ಫೆಬ್ರವರಿಯಲ್ಲಿ ಭಾರತದಲ್ಲಿ ಅದರ ಸೋಂಕು ಕೆಲವು ಸಾವಿರದಿಂದ 2 ಲಕ್ಷದಾಚೆಗೆ ಜಿಗಿದದ್ದನ್ನು ಚೀನಾದ ಎಕ್ಸ್‌ಲ್ಯಾಬ್ ದಾಖಲಿಸಿತು. ಅದೇ ವರ್ಷದ ಜುಲೈನಲ್ಲಿ ಗೂಗಲ್, ಇಂಥದ್ದೇ ಸೋಂಕಿನ ‘ಬ್ಯಾಡ್‌ಬಾಕ್ಸ್ 2.0’ ಜಾಲದವರ ಮೇಲೆ ಮೊಕದ್ದಮೆ ಹೂಡಿತು. ಆ ಜಾಲದಲ್ಲಿ ಸಿಕ್ಕಿಬಿದ್ದಿದ್ದು 1 ಕೋಟಿಗೂ ಹೆಚ್ಚು ಸಾಧನಗಳು. ಇಂಥ ಬಾಕ್ಸ್‌ನಲ್ಲಿ ಸಿನಿಮಾ ಚೆನ್ನಾಗಿಯೇ ಓಡುತ್ತದೆ. ಅದರ ಹಿಂದೆ ಮನೆಯ ಇಂಟರ್ನೆಟ್ ಯಾರದೋ ಕೈಸೇರಿರುತ್ತದೆ. ಕಳಸದ ಮನೆಯೊಂದರ ಇಂಟರ್ನೆಟ್ ವಿಳಾಸದ ಮರೆಯಲ್ಲಿ ನಿಂತು ಯಾರೋ ಇನ್ಯಾರದೋ ಖಾತೆ ಒಡೆಯಬಹುದು. ತನಿಖೆಯ ಎಳೆ ಮೊದಲು ಬಂದು ಮುಟ್ಟುವುದು ಆ ಮನೆಗೆ. ಎಲ್ಲ ಚಾನೆಲ್ ಉಚಿತ ಎಂದು ಮಾರುವ ಬಾಕ್ಸನ್ನು ಯಾವ ಬೆಲೆಗೂ ಮನೆಯೊಳಗೆ ಬಿಟ್ಟುಕೊಳ್ಳಬಾರದು.

ಒಳ್ಳೆಯ ಕಂಪನಿಯ ಟಿವಿಗೂ ಅಪ್‌ಡೇಟ್ ಬೇಕು. ಅನೇಕ ಟಿವಿಗಳು ಅದನ್ನು ಇಳಿಸಿಕೊಳ್ಳುವುದು ರಾತ್ರಿ, ಸ್ಟ್ಯಾಂಡ್‌ಬೈನಲ್ಲಿ. ಸಿಡಿಲಿಗೆ ಹೆದರಿ ಪ್ಲಗ್ಗನ್ನೂ ಮೋಡೆಮ್ ವೈರನ್ನೂ ಕಿತ್ತಿಡುವ ಮಲೆನಾಡಿನಲ್ಲಿ, ಮಳೆಗಾಲವಿಡೀ ಕರೆಂಟ್ ಬಂದು ಹೋಗುವ ಊರುಗಳಲ್ಲಿ, ಅದು ತಿಂಗಳುಗಟ್ಟಲೆ ತಪ್ಪಿಹೋಗುತ್ತದೆ. ಕಿತ್ತಿಡುವುದೇ ಸರಿ, ಆದರೆ ಬಿಸಿಲು ಕಂಡ ದಿನ ಸೆಟ್ಟಿಂಗ್ಸ್‌ಗೆ ಹೋಗಿ ಕೈಯಾರೆ ಅಪ್‌ಡೇಟ್ ಮಾಡಬೇಕು.

ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆಂದು ತಯಾರಕರು ಹೇಳಲೇಬೇಕೆಂಬ ಕಾನೂನು ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿದೆ. ಭಾರತ 2025ರ ಏಪ್ರಿಲ್‌ನಿಂದ ಸಿಸಿಟಿವಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿತು. ಆ ಆದೇಶ ಕ್ಯಾಮೆರಾಗಳಿಗೆ ಸೀಮಿತ. ಅದೇ ಪರೀಕ್ಷೆ ಟಿವಿಗೂ ಬಾಕ್ಸ್‌ಗೂ ಬರಬೇಕು, ಅಪ್‌ಡೇಟ್ ನಿಲ್ಲುವ ವರ್ಷವನ್ನು ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಬೇಕು. ಅಲ್ಲಿಯವರೆಗೆ ಮೂಡಿಗೆರೆಯ ಅಂಗಡಿಯಲ್ಲಿ ಟಿವಿ ಕೊಳ್ಳುವವರು ಆ ವರ್ಷ ಯಾವುದೆಂದು ಕೇಳಿಯೇ ದುಡ್ಡು ಎಣಿಸಬೇಕು.